ಐದೂವರೆಯಿಂದ ಆರೂವರೆಯೊಳಗೆ

ಜೂನ್ ೯

ಚೂಟಿಗೆ ಮಾವನ ಆಶೀರ್ವಾದಗಳು.

ನೀನು ಹೋದ ಮೇಲೆ ಮನೆ ಬಿದ್ದುಹೋಗಿಲ್ಲ, ಸೊಪ್ಪು ಬಾಡಿಲ್ಲ, ನಾನೂ ಮಹಡಿ ಮೆಟ್ಟಿಲಿನಿಂದ ಉರುಳಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಸಮಾಧಾನವಾಗಿ ಓದುತ್ತೀ ಅಂತ ಹೀಗೆ ಶುರು ಮಾಡಿದೆ. ಫೋನು ಹತ್ತದ ಬೆಟ್ಟದಲ್ಲಿ ಗಣಿ ತೋಡುತ್ತಾರೆ, ಅಲ್ಲಿಯವರ ಬೆರಳಿಗೆ ಪಟ್ಟಿ ಕಟ್ಟಲು ನಿನ್ನಂಥ ನರ್ಸು ಬೇಕು ಅನ್ನುವುದೆಲ್ಲ ನನಗೆ ಹೊಸದು. ವಾರಕ್ಕೊಮ್ಮೆ ಗಾಡಿಯಲ್ಲಿ ಟಪಾಲು ಬರುತ್ತದೆ ಅಂದೆಯಲ್ಲ, ಒಳ್ಳೆಯದೇ ಆಯಿತು. ನನ್ನ ಅಕ್ಷರ ಮುತ್ತಿನ ಹಾಗಿದೆ ಅಂತ ಏಳನೇ ಕ್ಲಾಸಿನಲ್ಲಿ ಮೇಷ್ಟ್ರು ಇಡೀ ಶಾಲೆಗೆ ತೋರಿಸಿದ್ದರು. ಇಡೀ ಶಾಲೆ ಅಂದರೆ ಒಂದೇ ಕೋಣೆ, ಅದು ಬೇರೆ ಮಾತು.

ಮಹಡಿಯ ಮೇಲೆ ನಿನ್ನ ಸೊಪ್ಪಿನ ಪೈಪುಗಳಿಗೆ ನೀರು ಗೊಬ್ಬರ ಉಣಿಸುವ ಡ್ರಮ್ಮಿನ ಅಧಿಕಾರ ವಹಿಸಿಕೊಂಡಿದ್ದೇನೆ. ನೀನು ಮೆಟ್ಟಿಲ ಮೇಲೆ ನಿಂತು ಹೇಳಿದ್ದೆಲ್ಲ ತಲೆಯಲ್ಲಿದೆ. ನೀರಿನ ಹುಳಿ ಎಷ್ಟು, ಸೌಳು ಎಷ್ಟು ಅಂತ ತೋರಿಸುವ ಅಂಕ ಪಿಎಚ್ಚು. ಏಳು ನಡುಮಧ್ಯ. ಅದಕ್ಕಿಂತ ಇಳಿದರೆ ಹುಳಿ, ಏರಿದರೆ ಸೌಳು. ನಮ್ಮ ಲೆಟ್ಯೂಸ್ ಸೊಪ್ಪಿಗೆ ಐದೂವರೆಯಿಂದ ಆರೂವರೆಯೊಳಗೆ ಇರಬೇಕು. ಏರಿದರೆ ಹುಳಿ ಬಾಟಲಿ, ಇಳಿದರೆ ಸೌಳು ಬಾಟಲಿ. ಇಷ್ಟಕ್ಕೆ ನೀನು ಒಂದು ಗಂಟೆ ಪಾಠ ಮಾಡಿದೆ. ಲಾರಿಯ ಬ್ಯಾಟರಿಗೆ ಎಷ್ಟು ಆಸಿಡ್ಡು, ಎಷ್ಟು ನೀರು ಅಂತ ಕಣ್ಣಳತೆಯಲ್ಲಿ ಹೇಳುತ್ತಿದ್ದವನು ನಾನು.

ಮೂಲೆ ಹೋಟೆಲಿನ ಯಜಮಾನ ಗೇಟಿನ ಹತ್ತಿರ ಸಿಕ್ಕಿದ್ದ. ಮಾತು ಮಾತೇ ಅಂದ. ಅಕ್ಟೋಬರ್ ಕೊನೆಗೆ ಬರುವ ಬೆಳೆ ಅಂಚು ಸುಡದೆ, ಒಂದೇ ಗಾತ್ರದಲ್ಲಿ ಇದ್ದರೆ ಮೂರೂ ಪೈಪಿನ ಸೊಪ್ಪನ್ನು ವರ್ಷಪೂರ್ತಿ ಅವನೇ ಕೊಳ್ಳುತ್ತಾನೆ. ಆಮೇಲೆ ನೀನು ಆ ಬೆಟ್ಟದ ಕೆಲಸಕ್ಕೆ ಇನ್ನೊಂದು ಸಲ ಸಹಿ ಹಾಕುವ ಅಗತ್ಯವೇ ಇಲ್ಲ. ಟ್ರಂಕು ಎತ್ತಿಕೊಂಡು ಮನೆಗೆ ಬಾ, ಅಷ್ಟೆ. ಇದು ನನ್ನ ಜವಾಬ್ದಾರಿ.

ಪಿಎಚ್ ಪೆನ್ನನ್ನು ಕಣ್ಣಿನ ಹಾಗೆ ಕಾಪಾಡುತ್ತಿದ್ದೇನೆ. ಬಳಸಿದ ಮೇಲೆ ಕರವಸ್ತ್ರದಿಂದ ಒಂದು ಹನಿಯೂ ಉಳಿಯದ ಹಾಗೆ ಒರೆಸಿ ಜೇಬಿಗೆ ಸಿಕ್ಕಿಸಿಕೊಳ್ಳುತ್ತೇನೆ. ಅದು ಜೇಬಿನಲ್ಲಿದ್ದರೆ ಗತ್ತೇ ಬೇರೆ. ಪೋಸ್ಟ್ ಆಫೀಸಿನವನು ಎದ್ದು ನಿಂತು, "ಸಾರ್, ತಪಾಸಣೆಗೆ ಬಂದ್ರಾ?" ಅಂದ. ನಾನು ಇಲ್ಲ ಅನ್ನಲಿಲ್ಲ.

ಪೈಪಿನ ಬಾಯಿಗಳಿಂದ ಬೆಳಕು ಒಳಗೆ ಹೋಗುತ್ತಿತ್ತು. ಬೆಳಕು ಬಿದ್ದರೆ ನೀರು ಪಾಚಿ ಕಟ್ಟುತ್ತದೆ ಅಂದಿದ್ದೆಯಲ್ಲ? ಹಳೇ ಎಣ್ಣೆ ಡಬ್ಬದ ತಗಡು ಕತ್ತರಿಸಿ ಮುಚ್ಚಳ ಮಾಡಿದೆ. ಮನೆಯಲ್ಲಿ ಸಿಕ್ಕಿದ ಕತ್ತರಿಯೇ ಸಾಕಾಯಿತು. ಭಾರೀ ಹರಿತ.

ಅಕ್ಕ ಮಾತು ಸ್ವಲ್ಪ ಕಡಿಮೆ ಮಾಡಿದ್ದಾಳೆ. ಸೆಕೆಗೆ ಇರಬೇಕು.

ಇಂತಿ,
ನಿನ್ನ ಮಾವ,
ನೀಲಿ ಡ್ರಮ್ಮಿನ ಸರ್ವಾಧಿಕಾರಿ


ಜೂನ್ ೨೪

ಮಾವನಿಗೆ ನಮಸ್ಕಾರ.

ಪತ್ರ ತಲುಪಿತು. ಇಲ್ಲಿ ಧೂಳು, ಗಾಳಿ, ಮತ್ತೆ ಧೂಳು. ಬೆಳಿಗ್ಗೆಯೆಲ್ಲ ಕಣ್ಣು ತೊಳೆಯುವ ಕೆಲಸ, ಮಧ್ಯಾಹ್ನ ಜಜ್ಜಿದ ಬೆರಳುಗಳು. ನನ್ನ ಕೋಣೆಯ ಕಿಟಕಿ ಗಾಜು ಒರೆಸಿದ ಹತ್ತು ನಿಮಿಷಕ್ಕೆ ಮತ್ತೆ ಕಂದು. ಹಸಿರು ಅನ್ನುವುದು ಔಷಧಿ ಡಬ್ಬಿಯ ಮುಚ್ಚಳದಲ್ಲಿ ಮಾತ್ರ.

ಅಂಕ ಸ್ವಲ್ಪ ಆಚೀಚೆ ಆದರೆ ಗಾಬರಿಯಾಗಬೇಡ. ಅದು ಅಲುಗುವುದು ಸಹಜ. ಹಾಕುವುದಾದರೆ ಚೂರೇ ಚೂರು ಹಾಕು, ತಿರುಗಿಸು, ಕಾಯಿ, ಮತ್ತೆ ನೋಡು. ಒಂದೇ ಸಲ ಸುರಿಯಬೇಡ. ನೆಂಟರಿಷ್ಟರಿಗೆ ತೋರಿಸಲು ಡ್ರಮ್ಮಿನ ಮುಚ್ಚಳ ತೆಗೆಯಬೇಡ. ನೀನು ತೆಗೆಯುತ್ತೀ ಅಂತ ನನಗೆ ಗೊತ್ತು.

ಅಮ್ಮ ಬಕೆಟ್ಟು ಹೊತ್ತು ಮಹಡಿ ಹತ್ತದ ಹಾಗೆ ನೋಡಿಕೋ. ಮಂಡಿ ನೋವಿದ್ದರೂ ಬಾಯಿಬಿಟ್ಟು ಹೇಳುವವಳಲ್ಲ.

ಯಾವ ಕತ್ತರಿ?

ಚೂಟಿ


ಜುಲೈ ೨

ಮಗಳಿಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಹೊಲಿಗೆ ಬರುತ್ತಿದೆ. ನಿನ್ನ ಮಾವನೂ ಚೆನ್ನಾಗಿರಬೇಕು, ಗೊರಕೆ ಕೇಳಿಸುತ್ತದೆ.

ನಿನ್ನ ಅಪ್ಪನ ಕತ್ತರಿಯಲ್ಲಿ ಅವನು ತಗಡು ಕತ್ತರಿಸಿದ. ಆ ಕತ್ತರಿಯಲ್ಲಿ ಅವರು ಕಾಗದ ಕತ್ತರಿಸಲೂ ನನಗೆ ಬಿಡುತ್ತಿರಲಿಲ್ಲ. ಈಗ ಅದು ಬಟ್ಟೆಯನ್ನು ಕತ್ತರಿಸುವುದಿಲ್ಲ, ಜಗಿಯುತ್ತದೆ. ಯಾಕೋ ಹೀಗೆ ಮಾಡಿದೆ ಅಂದಿದ್ದಕ್ಕೆ, "ಕಬ್ಬಿಣ ಅಲ್ವೇನಕ್ಕಾ, ಸಾಣೆ ಹಿಡಿಸಿದ್ರಾಯ್ತು" ಅಂತ ನಕ್ಕ. ಆ ನಗುವಿನ ಮೇಲೆ ನಾನು ಅವನ ಜೊತೆ ಮಾತು ಬಿಟ್ಟಿದ್ದೇನೆ. ಊಟಕ್ಕೆ ಬಡಿಸುತ್ತೇನೆ. ನೀನು ನಡುವೆ ಬರಬೇಡ.

ಹೋಟೆಲಿನವನ ವಿಷಯ ಗೊತ್ತು. ನೀನು ಬರುವುದು, ಅಲ್ಲೇ ಮುಂದುವರಿಯುವುದು ನಿನಗೆ ಬಿಟ್ಟದ್ದು. ನಾನೇನೂ ಹೇಳುವುದಿಲ್ಲ.

ಸ್ವೆಟರ್ ಹಾಕಿಕೋ.

ಅಮ್ಮ


ಜುಲೈ ೨೦

ಚೂಟಿಗೆ ಮಾವನ ಆಶೀರ್ವಾದಗಳು.

ನಿನ್ನ ಡ್ರಮ್ಮಿಗೆ ದೆವ್ವ ಹಿಡಿದಿದೆ. ಬೇರೆ ಮಾತಿಲ್ಲ.

ಬೆಳಿಗ್ಗೆ ಎದ್ದು ಪೆನ್ನು ಅದ್ದಿದರೆ ಏಳು ದಾಟಿರುತ್ತದೆ. ಹುಳಿ ಬಾಟಲಿಯಿಂದ ಹಾಕಿ, ಕೋಲಿನಿಂದ ತಿರುಗಿಸಿ, ಆರಕ್ಕೆ ತಂದು ಕೂರಿಸುತ್ತೇನೆ. ಕೂತಿತು ಅಂತ ಎದೆ ಉಬ್ಬಿಸಿಕೊಂಡು ಚಹಾ ಅಂಗಡಿಗೆ ಹೋಗಿ, ಅಲ್ಲಿರುವವರಿಗೆಲ್ಲ ಮಣ್ಣಿಲ್ಲದ ಬೇಸಾಯದ ಬಗ್ಗೆ ಭಾಷಣ ಮಾಡಿ ಬರುತ್ತೇನೆ. ಮರುದಿನ ನೋಡಿದರೆ ಮತ್ತೆ ಏಳು ದಾಟಿದೆ! ನಾನು ಇಳಿಸುತ್ತೇನೆ, ಅದು ಏರುತ್ತದೆ. ನಾನು ಹೆಚ್ಚು ಇಳಿಸಿದಷ್ಟೂ ಅದು ಹೆಚ್ಚು ಏರುತ್ತದೆ. ಇಷ್ಟು ಹಟಮಾರಿ ನೀರನ್ನು ನಾನು ನೋಡಿಲ್ಲ. ನಮ್ಮ ವಂಶದ್ದೇ ಇರಬೇಕು.

ಚೂರೇ ಚೂರು ಹಾಕು ಅಂತ ಬರೆದಿದ್ದೀ. ಚೂರು ಹಾಕುವುದು ಸಜ್ಜನರ ಜೊತೆ ವ್ಯವಹಾರಕ್ಕೆ. ಇದಕ್ಕೆ ಚಮಚದ ಮಾತು ತಿಳಿಯುವುದಿಲ್ಲ, ಲೋಟದ ಮಾತೇ ಆಗಬೇಕು. ಬಾಟಲಿ ಮುಗಿಯುತ್ತ ಬಂದಿದೆ. ಹಳೆಯ ಬ್ಯಾಟರಿ ಅಂಗಡಿಯ ಗೆಳೆಯನನ್ನು ಕೇಳೋಣವೇ ಅಂತ ಒಂದು ಯೋಚನೆ ಬಂದಿತ್ತು. ಕಿರುಚಬೇಡ. ಬರೀ ಯೋಚನೆ. ಬ್ಯಾಟರಿಯ ಆಸಿಡ್ಡಿನಲ್ಲಿ ಸೀಸ ಇರುತ್ತದೆ ಅಂತ ನನಗೂ ಗೊತ್ತು, ಲಾರಿ ಓಡಿಸಿದ್ದು ಪುಕ್ಕಟೆಯಲ್ಲ.

ಎಲೆಗಳ ಅಂಚು ಅಲ್ಲಲ್ಲಿ ಕಂದಾಗಿದೆ. ಹೆಚ್ಚಿಲ್ಲ. ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುತ್ತದೆ. ನಾನು ಹಾಕಿಕೊಳ್ಳುವುದಿಲ್ಲ.

ಅಕ್ಕ ಈಗಲೂ ಮೌನ. ನನ್ನ ಬಟ್ಟಲು ಇಡುವ ಸದ್ದಿನಲ್ಲೇ ಅವಳ ಮನಸ್ಸು ತಿಳಿದುಕೊಳ್ಳಬೇಕು. ನಿನ್ನೆ ಸ್ವಲ್ಪ ಮೆಲ್ಲಗೆ ಇಟ್ಟಳು ಅನ್ನಿಸಿತು. ಆಮೇಲೆ ನೋಡಿದರೆ ಕೆಳಗೆ ಬಟ್ಟೆ ಹಾಸಿತ್ತು. ಸಾಣೆಯವನ ಹತ್ತಿರ ಹೋಗಿದ್ದೆ. ಆ ಮಾತು ಬೇಡ ಬಿಡು.

ಇಂತಿ,
ನಿನ್ನ ಮಾವ,
ಡ್ರಮ್ಮಿನ ಆಡಳಿತಾಧಿಕಾರಿ


ಆಗಸ್ಟ್ ೫

ಮಗಳಿಗೆ ಅಮ್ಮನ ಆಶೀರ್ವಾದ.

ಒಂದು ವಿಷಯ ಬರೆಯುತ್ತೇನೆ, ನಿನ್ನ ಮಾವನಿಗೆ ತಿಳಿಸಬೇಡ.

ಅವನು ಮಧ್ಯಾಹ್ನ ಚಹಾ ಅಂಗಡಿಗೆ ಹೋದ ಮೇಲೆ ನಾನು ಮಹಡಿ ಹತ್ತುತ್ತೇನೆ. ಬರಿಗೈಯಲ್ಲೇ ಹತ್ತುತ್ತೇನೆ, ಮಂಡಿಯ ಚಿಂತೆ ಬೇಡ. ನೀನು ಮೊದಲು ಬಳಸುತ್ತಿದ್ದ ಬಣ್ಣದ ಹನಿಯ ಬಾಟಲಿ ಅಡುಗೆಮನೆ ಶೆಲ್ಫಿನಲ್ಲಿತ್ತು. ಸಣ್ಣ ಗಾಜಿನ ಕೊಳವೆಗೆ ಡ್ರಮ್ಮಿನ ನೀರು ತೆಗೆದುಕೊಂಡು ಹನಿ ಬಿಟ್ಟು, ಬಣ್ಣದ ಚೀಟಿಯ ಪಕ್ಕ ಹಿಡಿದು ನೋಡುತ್ತೇನೆ. ದಿನವೂ ಕಿತ್ತಳೆ ಬಣ್ಣ. ಅಂದರೆ ಐದಕ್ಕಿಂತ ಕೆಳಗೆ. ಅವನು ಏನು ಮಾಡುತ್ತಾನೋ, ಹುಳಿಯೋ ಹುಳಿ. ಹಾಗೆ ಬಿಟ್ಟರೆ ಬೇರು ಸುಟ್ಟುಹೋಗುತ್ತದೆ ಅಂತ ನೀನೇ ಹೇಳಿದ್ದೆ. ಅದಕ್ಕೆ ಸೌಳು ಬಾಟಲಿಯಿಂದ ಹಾಕಿ ಹಳದಿಗೆ, ಅಂದರೆ ಆರರ ಹತ್ತಿರಕ್ಕೆ, ತಂದು ಇಳಿಯುತ್ತೇನೆ. ಅವನು ಬರುವಷ್ಟರಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಕೂತಿರುತ್ತೇನೆ.

ಇಷ್ಟು ಮಾಡಿದರೂ ಎಲೆಯ ಅಂಚು ಸುಡುತ್ತಿದೆ. ಯಾಕೆ?

ಕತ್ತರಿಯನ್ನು ಮೂರು ಕಡೆ ಸಾಣೆ ಹಿಡಿಸಿ ತಂದು ನನ್ನ ಮೆಷಿನ್ನಿನ ಮೇಲೆ ಇಟ್ಟು ಹೋಗಿದ್ದ. ಕಾಗದ ಕತ್ತರಿಸಲು ಪರವಾಗಿಲ್ಲ.

ಅಮ್ಮ


ಆಗಸ್ಟ್ ೧೯

ಮಾವನಿಗೆ ನಮಸ್ಕಾರ.

ಮಳೆಗೆ ದಾರಿ ಕೆಟ್ಟು ಎರಡು ವಾರ ಗಾಡಿ ಬಂದಿರಲಿಲ್ಲ, ಈಗ ಒಂದೇ ಗಾಡಿಯಲ್ಲಿ ಮನೆಯಿಂದ ಎರಡು ಪತ್ರ ಬಂದವು. ಎರಡನ್ನೂ ಓದಿ, ಪಕ್ಕ ಪಕ್ಕ ಇಟ್ಟುಕೊಂಡು ಇನ್ನೊಮ್ಮೆ ಓದಿ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಡಾಕ್ಟರು ಬಾಗಿಲು ತಟ್ಟಿ, ಏನಾದರೂ ಔಷಧಿ ಕುಡಿದೆಯಾ ಅಂತ ಕೇಳಿದರು. ಆಮೇಲೆ ನಗು ನಿಂತಿತು. ಸೊಪ್ಪು ಹೋಗುತ್ತಿದೆ, ಮಾವ. ಇದು ನಗುವ ವಿಷಯವಲ್ಲ.

ಮೊದಲು ಪೆನ್ನು. ಅದರ ಟೋಪಿಯೊಳಗೆ ಎರಡು ಹನಿ ದ್ರಾವಣ ಇರಬೇಕು. ತುದಿಯ ಗಾಜಿನ ಗುಂಡು ಯಾವಾಗಲೂ ಒದ್ದೆಯಾಗಿರಬೇಕು. ಒಣಗಿದರೆ ಅದು ಸುಳ್ಳು ಹೇಳುತ್ತದೆ. ಐದನ್ನು ಆರು ಅನ್ನುತ್ತದೆ, ಆರನ್ನು ಏಳು ಅನ್ನುತ್ತದೆ. ಅದನ್ನು ಒಂದು ಹನಿಯೂ ಉಳಿಯದ ಹಾಗೆ ಒರೆಸಿ ಜೇಬಿಗೆ ಸಿಕ್ಕಿಸಿಕೊಳ್ಳುತ್ತೇನೆ ಅಂತ ನೀನೇ ಬರೆದಿದ್ದೆ. ನಾನೇ ಆವತ್ತು ಗಮನಿಸಲಿಲ್ಲ.

ಎರಡನೆಯದು, ಹುಳಿ ಸುರಿಯುವುದನ್ನು ನಿಲ್ಲಿಸು. ಹುಳಿ ಬಾಟಲಿಯಲ್ಲಿರುವುದೂ ಉಪ್ಪಾಗುತ್ತದೆ, ಸೌಳು ಬಾಟಲಿಯಲ್ಲಿರುವುದೂ ಉಪ್ಪಾಗುತ್ತದೆ. ಅಂಕ ಎಲ್ಲಿತ್ತೋ ಅಲ್ಲಿಗೇ ಬಂದು ನಿಂತರೂ ನೀರಿನೊಳಗೆ ಉಪ್ಪು ಕೂಡುತ್ತಲೇ ಹೋಗುತ್ತದೆ. ಅಂಚು ಸುಡುವುದು ಅದಕ್ಕೇ.

ಸೌಳು ಬಾಟಲಿಯ ಮಾತು ಯಾಕೆ ಬಂತು ಅಂತ ಕೇಳಬೇಡ.

ಒಂದು ವಾರ ಡ್ರಮ್ಮಿಗೆ ಏನೂ ಹಾಕಬೇಡ. ಅಮ್ಮನಿಗೂ ಬೇರೆ ಬರೆದಿದ್ದೇನೆ.

ಮುಂದಿನ ವರ್ಷಕ್ಕೂ ಇರುತ್ತೇನೋ ಇಲ್ಲವೋ ಅಂತ ಕಂಪನಿ ಕೇಳಿದೆ. ನವೆಂಬರ್ ಮಧ್ಯದೊಳಗೆ ಹೇಳಬೇಕು. ಹೋಟೆಲಿನವರು ಒಪ್ಪದಿದ್ದರೆ ನನಗೆ ಬೇರೆ ದಾರಿ ಇಲ್ಲ. ಊರಿನ ಆಸ್ಪತ್ರೆಗಳಲ್ಲಿ ಕೆಲಸ ಖಾಲಿ ಇಲ್ಲ ಅಂತ ನಿನಗೂ ಗೊತ್ತು.

ಚೂಟಿ


ಸೆಪ್ಟೆಂಬರ್ ೮

ಚೂಟಿಗೆ ಮಾವನ ಆಶೀರ್ವಾದಗಳು.

ಪೆನ್ನಿನ ಟೋಪಿ ಒಣಗಿದ್ದ ವಿಷಯ, ನಿನ್ನ ಪತ್ರ ಬರುವುದಕ್ಕೆ ಸ್ವಲ್ಪ ಮೊದಲೇ ನನಗೇ ಅನುಮಾನ ಬಂದಿತ್ತು. ಸ್ವಲ್ಪ ಅಂದರೆ ಪತ್ರ ಒಡೆಯುವಾಗ.

ನೀನು ಹೇಳಿದ ಹಾಗೆ ಡ್ರಮ್ಮಿಗೆ ಕೈ ಹಾಕಲಿಲ್ಲ. ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಮಹಡಿಯ ಮೇಲೆ ಹೆಜ್ಜೆ ಸದ್ದು ಕೇಳಿಸಿದರೆ ಅಕ್ಕ ನೋಡಿಕೊಳ್ಳುತ್ತಿದ್ದಾಳೆ ಅಂತ ಸುಮ್ಮನಿದ್ದೆ. ಆ ಹೆಜ್ಜೆ ಬೆಕ್ಕಿನದು. ಅಕ್ಕನೂ ನಾನು ನೋಡಿಕೊಳ್ಳುತ್ತಿದ್ದೇನೆ ಅಂದುಕೊಂಡಿರಬೇಕು, ಕೇಳಿದವರು ಯಾರು? ವಾರ ಹೋಗಿ ಎರಡು ವಾರವಾಯಿತು. ಏನೂ ಹಾಕಬೇಡ ಅಂದದ್ದು ಸರಿ, ನೀರು ಮಾತ್ರ ತುಂಬು ಅಂತ ನೀನು ಎಲ್ಲಿ ಹೇಳಿದ್ದೆ? ಡ್ರಮ್ಮಿನ ನೀರು ತಳ ಕಂಡಿತು. ಪಂಪು ಗಾಳಿ ಕುಡಿದು ಗೊರಗೊರ ಅಂದಿತು. ಮೂರನೇ ಪೈಪಿನ ಸೊಪ್ಪು ಪೂರ್ತಿ ಮಲಗಿತು.

ಅದೇ ದಿನ ಹೋಟೆಲಿನ ಯಜಮಾನ ಹೇಳದೆ ಕೇಳದೆ ಬಂದ. ಕೈಯಲ್ಲಿ ಟೀ ಲೋಟ ಹಿಡಿದುಕೊಂಡೇ ಮಹಡಿ ಹತ್ತಿದ.

"ಇದೇನ್ರೀ, ಎಲೆಗೆ ಕಾಡಿಗೆ ಹಚ್ಚಿದೀರಾ?" ಅಂದ.

"ಅದು ಜಾತಿ ಯಜಮಾನ್ರೇ, ಅಂಚು ಕಂದಿರೋದು ಬಲು ಅಪರೂಪದ ಜಾತಿ," ಅಂದೆ.

"ಅಪರೂಪದ್ದು ನೀವೇ ಇಟ್ಕೊಳ್ಳಿ. ನನ್ನ ಗಿರಾಕಿಗಳಿಗೆ ಮಾಮೂಲಿ ಹಸಿರು ಸಾಕು."

ನಾನು ಒಣಗಿದ ಎಲೆಯೊಂದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅಕ್ಕ ಮೆಟ್ಟಿಲಿನ ಕೊನೆಯಲ್ಲಿ ನಿಂತಿದ್ದಳು. ಯಜಮಾನ ಇಳಿಯುವಾಗ ಅವಳ ಮುಖ ನೋಡಿಯೋ ಏನೋ, ಅಕ್ಟೋಬರ್ ಕೊನೆಗೆ ಒಂದೇ ಒಂದು ಸಲ ಬಂದು ನೋಡುತ್ತೇನೆ, ಅದೇ ಕೊನೆ ಅಂದ.

ಏನು ಮಾಡಲಿ ಅಂತ ವಿವರವಾಗಿ ಬರೆ. ಈ ಸಲ ಬರೆದ ಹಾಗೇ ಮಾಡುತ್ತೇನೆ.

ನಿನ್ನ ಮಾವ,
ಡ್ರಮ್ಮಿನ ಗುಮಾಸ್ತ


ಸೆಪ್ಟೆಂಬರ್ ೨೩

ಮಾವನಿಗೆ ನಮಸ್ಕಾರ.

ಹಳೆಯದನ್ನೆಲ್ಲ ಕಿತ್ತು ಮೂರೂ ಪೈಪಿಗೆ ಹೊಸ ಸಸಿ ಹಾಕಿ. ಐದು ವಾರ ಉಳಿದಿದೆ, ಸಾಕಾಗುತ್ತದೆ. ಇದರ ಜೊತೆ ಪೆನ್ನಿಗೆ ದ್ರಾವಣದ ಸಣ್ಣ ಸೀಸೆ ಕಳಿಸಿದ್ದೇನೆ. ಪೆನ್ನಿನ ತುದಿಯನ್ನು ಒಂದು ದಿನ ಅದರಲ್ಲೇ ಅದ್ದಿಡು. ಆಮೇಲೆ ಅಮ್ಮನ ಬಣ್ಣದ ಹನಿಗೂ ಪೆನ್ನಿಗೂ ತಾಳೆಯಾಗುತ್ತದೆಯೋ ನೋಡಿ.

ಡ್ರಮ್ಮು ಪೂರ್ತಿ ಖಾಲಿ ಮಾಡಿ ತೊಳೆ. ಅರ್ಧ ನಲ್ಲಿ ನೀರು, ಅರ್ಧ ಮಳೆ ನೀರು ತುಂಬು. ನಮ್ಮ ನಲ್ಲಿಯದು ಗಡಸು ನೀರು, ಅಂಕವನ್ನು ತಾನೇ ಮೇಲಕ್ಕೆ ಎಳೆಯುತ್ತದೆ. ಮಳೆ ನೀರು ಬೆರೆತರೆ ಆ ಎಳೆತ ಕಡಿಮೆ. ಮೊದಲು ಕೆಂಪು ಮುಚ್ಚಳದ ಗೊಬ್ಬರ ಹಾಕಿ ಚೆನ್ನಾಗಿ ತಿರುಗಿಸು. ಆಮೇಲೆ ಹಸಿರು ಮುಚ್ಚಳದ್ದು. ಎರಡನ್ನೂ ಒಂದೇ ಲೋಟದಲ್ಲಿ ಬೆರೆಸಬೇಡ, ಗಟ್ಟಿಯಾಗಿ ತಳ ಹಿಡಿಯುತ್ತದೆ. ಪಂಪು ಹಾಕಿ ಒಂದು ಗಂಟೆ ಬಿಡು. ಆಮೇಲೆ ಅಂಕ ನೋಡಿ, ಕೊನೆಯಲ್ಲಿ ಹುಳಿ. ಹುಳಿಯನ್ನು ನೀರಿಗೆ ಹಾಕಬೇಕು, ನೀರನ್ನು ಹುಳಿಗೆ ಅಲ್ಲ. ಕೈಗವಸು ಹಾಕಿಕೊಂಡಿರಬೇಕು.

ಯಾವುದು ಎಷ್ಟೆಷ್ಟು ಅನ್ನುವುದು ಅಮ್ಮನ ಪತ್ರದಲ್ಲಿದೆ.

ಚೂಟಿ


ಸೆಪ್ಟೆಂಬರ್ ೨೩

ಅಮ್ಮನಿಗೆ ನಮಸ್ಕಾರ.

ಡ್ರಮ್ಮು ಪೂರ್ತಿ ತುಂಬಿದಾಗ ಕೆಂಪು ಮುಚ್ಚಳದ ಗೊಬ್ಬರ ಎರಡೂವರೆ ಲೋಟ, ಹಸಿರಿನದೂ ಅಷ್ಟೇ. ಹುಳಿ ಒಂದು ಚಮಚವನ್ನು ಒಂದು ಲೋಟ ನೀರಿಗೆ ಬೆರೆಸಿಟ್ಟುಕೊಂಡು, ಅದರಲ್ಲಿ ಕಾಲು ಭಾಗ ಮಾತ್ರ ಡ್ರಮ್ಮಿಗೆ. ಕಾಯಿರಿ, ನೋಡಿ, ಬೇಕಾದರೆ ಇನ್ನೊಂದು ಕಾಲು ಭಾಗ. ಐದೂವರೆಯಿಂದ ಆರೂವರೆಯೊಳಗೆ ಎಲ್ಲಿದ್ದರೂ ಬಿಟ್ಟುಬಿಡಿ. ಆರೇ ಆಗಬೇಕು ಅಂತ ಹಟ ಬೇಡ. ಆ ಗೆರೆ ದಾಟಿದರೆ ಮಾತ್ರ ಕೈ ಹಾಕುವುದು.

ಯಾವುದು ಮೊದಲು, ಯಾವುದು ಆಮೇಲೆ, ಎಷ್ಟು ಹೊತ್ತು ಕಾಯಬೇಕು ಅನ್ನುವುದು ಮಾವನ ಪತ್ರದಲ್ಲಿದೆ.

ನೀನು ನಡುವೆ ಬರಬೇಡ ಅಂದಿದ್ದೆ. ಬಂದಿಲ್ಲ.

ನಿನ್ನ ಮಗಳು


ಅಕ್ಟೋಬರ್ ೬

ಚೂಟಿ,

ಆಶೀರ್ವಾದ ಗೀಶೀರ್ವಾದ ಆಮೇಲೆ. ನೀನು ಮಾಡಿದ್ದು ಸರಿಯೇ? ಅರ್ಧ ನನಗೆ, ಅರ್ಧ ಅವಳಿಗೆ! ಈ ಕಿತಾಪತಿ ಬುದ್ಧಿ ನಿನಗೆ ಯಾರಿಂದ ಬಂತು ಅಂತ ಯೋಚಿಸಿ, ಆಮೇಲೆ ಯೋಚನೆ ಬಿಟ್ಟೆ.

ಪತ್ರ ಬಂದ ದಿನ ನಾನು ಡ್ರಮ್ಮು ತೊಳೆದು ನೀರು ತುಂಬಿಸಿದೆ. ಅಳತೆ ಗೊತ್ತಿಲ್ಲ. ಕಣ್ಣಳತೆಯಲ್ಲಿ ಹಾಕಿಬಿಡೋಣ ಅಂತ ಕೆಂಪು ಮುಚ್ಚಳ ತೆಗೆದೆ. ಮತ್ತೆ ಹಾಕಿದೆ. ಮಲಗಿದ್ದ ಮೂರನೇ ಪೈಪು ಕಣ್ಣೆದುರಿಗಿತ್ತು. ಅಕ್ಕನ ಪತ್ರ ಎಲ್ಲಿಟ್ಟಿದ್ದಾಳೆ ಅಂತ ಅವಳು ಸ್ನಾನಕ್ಕೆ ಹೋದಾಗ ಹುಡುಕಿದೆ. ಮೆಷಿನ್ನಿನ ಡ್ರಾಯರು, ದಿಂಬಿನ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ. ಸ್ನಾನದ ಮನೆಯಿಂದಲೇ ಕೂಗಿದಳು, "ಹಿಟ್ಟಿನ ಡಬ್ಬದ ಹಿಂದೆ ಏನೂ ಇಲ್ಲ!" ನನಗೆ ಹೇಳಿದ್ದಲ್ಲವಂತೆ, ಗೋಡೆಗೆ ಹೇಳಿದ್ದಂತೆ.

ಪೆನ್ನನ್ನು ಸೀಸೆಯಲ್ಲಿ ಒಂದು ದಿನ ಅದ್ದಿಟ್ಟು, ಮರುದಿನ ಮಧ್ಯಾಹ್ನ ನಾನು ಚಹಾ ಅಂಗಡಿಗೆ ಹೋಗಲಿಲ್ಲ. ಮಹಡಿಯ ಮೇಲೆ ಬಕೆಟ್ಟು ಬೋರಲು ಹಾಕಿ ಕೂತೆ. ಅವಳು ಹನಿ ಬಾಟಲಿ ಹಿಡಿದು ಮೆಟ್ಟಿಲು ಹತ್ತಿದಳು. ನಾನಿರುತ್ತೇನೆ ಅಂತ ಗೊತ್ತಿರಲಿಲ್ಲ. ಇಳಿದು ಹೋಗಲು ತಿರುಗಿದವಳು ಹೋಗಲಿಲ್ಲ, ಮಂಡಿ ಹಿಡಿದುಕೊಂಡು ಅಲ್ಲೇ ನಿಂತಳು.

ನಾನು ಡ್ರಮ್ಮಿನ ಕಡೆ ನೋಡಿಕೊಂಡು ಹೇಳಿದೆ, "ಎಲೈ ಡ್ರಮ್ಮೇ, ನಿನಗೆ ಎಷ್ಟು ಹಾಕ್ಬೇಕು ಅಂತ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಬಹುದಿತ್ತು."

ಅವಳು ನಲ್ಲಿಯ ಕಡೆ ನೋಡಿಕೊಂಡು ಅಂದಳು, "ಯಾವುದು ಮೊದಲು ಅಂತ ಗೊತ್ತಿಲ್ದೆ ಎಷ್ಟು ಅಂತ ಗೊತ್ತಿದ್ರೇನು ಪ್ರಯೋಜನ?"

"ಮೊದಲು ಕೆಂಪು ಕಣೇ ಡ್ರಮ್ಮೇ. ಆಮೇಲೆ ಹಸಿರು."

"ಕೇಳೋರಿಗೆ ಬಾಯಿದೆ. ಡ್ರಮ್ಮಿಗೆ ಕಿವಿ ಇಲ್ಲ."

ಬಿಸಿಲು ನೆತ್ತಿ ಸುಡುತ್ತಿತ್ತು. ಟ್ರೇಯಲ್ಲಿ ಸಸಿಗಳು ಕಾಯುತ್ತಿದ್ದವು, ಇನ್ನೊಂದು ಗಂಟೆ ಹೀಗೇ ಬಿಟ್ಟರೆ ಅವೂ ಬಾಡುತ್ತಿದ್ದವು. ನಾನು ಎದ್ದು ಬಕೆಟ್ಟನ್ನು ಅವಳ ಕಡೆ ತಳ್ಳಿದೆ. "ಅಕ್ಕಾ, ಕೂತ್ಕೋ. ಎಷ್ಟು?" ಅಂದೆ.

ಕೂತಳು. "ಎರಡೂವರೆ ಲೋಟ. ದೊಡ್ಡ ಲೋಟ ಅಲ್ಲ ಕಣೋ, ಸಣ್ಣದು. ನಿನ್ನ ಲೋಟದಲ್ಲಿ ಅಳೆದ್ರೆ ಆನೆಗಾಗುತ್ತೆ."

ಅಷ್ಟೇ. ಕತ್ತರಿ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಾನು ತಿರುಗಿಸಿದೆ, ಅವಳು ಅಳೆದಳು. ಒಂದು ಗಂಟೆ ಕಾಯಬೇಕಲ್ಲ, ಏನು ಮಾತಾಡುವುದು ಅಂತ ಇಬ್ಬರಿಗೂ ತೋಚಲಿಲ್ಲ. ಆಗ ನಾನು ಹೇಳಿದೆ, ಜುಲೈಯಲ್ಲಿ ಈ ಡ್ರಮ್ಮಿಗೆ ದೆವ್ವ ಹಿಡಿದಿತ್ತು, ಬೆಳಿಗ್ಗೆ ಇಳಿಸಿದರೆ ಮರುದಿನ ಏರಿರುತ್ತಿತ್ತು ಅಂತ. ಅವಳು ನನ್ನನ್ನೇ ನೋಡಿದಳು.

"ಬೆಳಿಗ್ಗೆ ಇಳಿಸ್ತಿದ್ದೆಯಾ?"

"ಹೂಂ."

"ಮಧ್ಯಾಹ್ನ ನಾನು ಏರಿಸ್ತಿದ್ದೆ."

ನಾನು ತಿರುಗಿಸುವ ಕೋಲನ್ನು ಕೆಳಗಿಟ್ಟೆ. ಆಮೇಲೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದಳು. ನಾಲ್ಕು ತಿಂಗಳ ನಗು. ನನಗೂ ತಡೆಯಲಿಲ್ಲ. ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿ ಮುಚ್ಚಿಕೊಂಡರು. ನಿನಗೆ ಇದೆಲ್ಲ ಆಗಸ್ಟಿನಲ್ಲೇ ಗೊತ್ತಿತ್ತಲ್ಲವೇ, ಕಳ್ಳಿ!

ಪೆನ್ನು ಆರು ಪಾಯಿಂಟು ಎರಡು ಅಂದಿತು. ಅವಳ ಹನಿ ಹಳದಿ ಅಂದಿತು. ತಾಳೆಯಾಯಿತು. ಸಸಿ ಕೂರಿಸಿದೆವು.

ನಿನ್ನ ಮಾವ,
ತಿರುಗಿಸುವ ಕೋಲಿನವನು


ಅಕ್ಟೋಬರ್ ೨೦

ಮಾವನಿಗೂ ಅಮ್ಮನಿಗೂ ನಮಸ್ಕಾರ.

ಇಬ್ಬರಿಗೂ ಸೇರಿಸಿ ಒಂದೇ ಪತ್ರ, ಅಂಚೆಚೀಟಿ ಉಳಿಯಿತು.

ಕಂಪನಿಯ ಕಾಗದ ಬಂದಿದೆ. ಮೇಜಿನ ಮೇಲೆ ಔಷಧಿ ಸೀಸೆಯೊಂದನ್ನು ಹೇರಿ ಇಟ್ಟಿದ್ದೇನೆ, ಇಲ್ಲದಿದ್ದರೆ ಗಾಳಿಗೆ ಹಾರುತ್ತದೆ. ಮುಂದಿನ ವರ್ಷ ಇನ್ನೂ ಮೇಲಿನ ಕ್ಯಾಂಪಿಗೆ ಕಳಿಸುತ್ತಾರಂತೆ. ಅಲ್ಲಿಗೆ ಟಪಾಲು ತಿಂಗಳಿಗೊಮ್ಮೆ.

ಹೋಟೆಲಿನವರು ಏನೆಂದರು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ನನ್ನ ಸಮಾಧಾನಕ್ಕೆ ಅಂತ ಏನೂ ಸೇರಿಸಬೇಡಿ. ಮಾವ, ಇದು ನಿನಗೆ.

ಚೂಟಿ


ನವೆಂಬರ್ ೨

ಚೂಟಿಗೆ ಮಾವನ ಮತ್ತು ಅಮ್ಮನ ಆಶೀರ್ವಾದಗಳು.

ಬರೆಯುತ್ತಿರುವವನು ನಾನು. ಅಕ್ಕ ಪಕ್ಕದಲ್ಲೇ ಕೂತಿದ್ದಾಳೆ, ಸುಳ್ಳು ಬರೆದರೆ ಚಿವುಟುತ್ತಾಳೆ.

ಯಜಮಾನ ಬಂದ. ಈ ಸಲ ಟೀ ಲೋಟ ಇರಲಿಲ್ಲ, ಕನ್ನಡಕ ಇತ್ತು. ಒಂದೊಂದು ಪೈಪಿನ ಮುಂದೆಯೂ ಬಗ್ಗಿ, ಎಲೆ ತಿರುಗಿಸಿ ನೋಡಿದ. ಒಂದು ಹರಿದು ಜಗಿದ. ನಾನು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಮೊದಲೆರಡು ಪೈಪು ಕಣ್ಣಿಗೆ ಹಬ್ಬ. ಒಂದಾದರೂ ಸುಟ್ಟ ಅಂಚು ಹುಡುಕಿ ತೋರಿಸಿದರೆ ಮೀಸೆ ಬೋಳಿಸುತ್ತೇನೆ ಅಂದೆ. (ಇವನಿಗೆ ಮೀಸೆ ಇಲ್ಲ. – ಅಮ್ಮ) ಸಸಿ ಸಾಲದೆ ವಾರ ತಡವಾಗಿ ಕೂರಿಸಿದ ಮೂರನೆಯದು ಮಾತ್ರ ಇನ್ನೂ ಸಣ್ಣದು, ಎಲೆ ಮಕ್ಕಳ ಅಂಗೈಯಷ್ಟೇ.

"ಎರಡು ಪೈಪಿಂದು ತಗೋತೀನಿ," ಅಂದ. "ಮೂರನೇದು ಈಗ ಬೇಡ."

ನನಗೆ ರೇಗಿತು. ಇಷ್ಟೆಲ್ಲ ಪಟ್ಟ ಪಾಡಿಗೆ ಎರಡು ಪೈಪೇ? "ತಗೊಂಡ್ರೆ ಮೂರೂ ತಗೊಳ್ಳಿ, ಇಲ್ಲಾಂದ್ರೆ ಒಂದೂ ಬೇಡ! ಊರಲ್ಲಿ ಹೋಟ್ಲು ನಿಮ್ದೊಂದೇನಾ?" ಅಂದೆ. ಅವನು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡ. ಮೆಟ್ಟಿಲ ಕಡೆ ತಿರುಗಿದ.

ಅಕ್ಕ ಮೆಟ್ಟಿಲಿಗೆ ಅಡ್ಡ ನಿಂತಳು. "ಯಜಮಾನ್ರೇ, ಎರಡು ಪೈಪು ಕೊಡ್ತೀವಿ. ಸೋಮವಾರದಿಂದ. ಇವನ ಮಾತು ನೀವು ಲೆಕ್ಕಕ್ಕಿಡಬೇಡಿ, ಇವನು ಯಾವಾಗ್ಲೂ ಲೋಟಗಟ್ಟಲೆ ಸುರೀತಾನೆ. ನಾನು ಚಮಚದಲ್ಲಿ ತೆಗೀತೀನಿ," ಅಂದಳು. ಅವನು ನಕ್ಕ. ಸೋಮವಾರ ಸೈಕಲ್ಲು ಕಳಿಸುತ್ತೇನೆ ಅಂದು ಹೋದ. ಮೂರನೆಯದನ್ನು ವರ್ಷ ಕಳೆದ ಮೇಲೆ ನೋಡೋಣ ಅಂದ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ.

ನಿನ್ನ ಲೆಕ್ಕದಲ್ಲಿ ಒಂದು ತಪ್ಪಿತ್ತು. ಅರ್ಧ ಮಳೆ ನೀರು ಸಾಲದು, ಮೂರರಲ್ಲಿ ಎರಡು ಪಾಲು ಬೇಕು. ಹಾಗೆ ಮಾಡಿದ ಮೇಲೆ ಅಂಕ ಐದು ಪಾಯಿಂಟು ಒಂಬತ್ತು, ಆರು, ಆರು ಪಾಯಿಂಟು ಒಂದು, ಇಷ್ಟರಲ್ಲೇ ಓಡಾಡುತ್ತದೆ. ಹುಳಿ ಬಾಟಲಿ ಮುಟ್ಟಿ ಹತ್ತು ದಿನವಾಯಿತು. ನೀನು ತಪ್ಪಿದ್ದು ಅಕ್ಕನಿಗೂ ಒಪ್ಪಿಗೆ. ಈಗ ಅವಳಿಗೆ ಪೆನ್ನು ಕೊಡುತ್ತಿದ್ದೇನೆ. ಬರೆಯುವ ಪೆನ್ನು, ಇನ್ನೊಂದನ್ನು ಕೊಡುವುದಿಲ್ಲ.

ನಿನ್ನ ಮಾವ

ಮಗಳೇ,

ಎರಡು ಪೈಪಿನಲ್ಲಿ ನಿನ್ನ ಸಂಬಳದಷ್ಟು ಬರುವುದಿಲ್ಲ. ಅದು ನನಗೂ ಗೊತ್ತು, ಇವನಿಗೂ ಗೊತ್ತು. ನಿನಗೆ ನಷ್ಟವೇ.

ಇಷ್ಟು ದಿನ ನಾನು ಏನೂ ಹೇಳಲಿಲ್ಲ. ಹೇಳಿದರೆ ನೀನು ನನಗೋಸ್ಕರ ಬಂದ ಹಾಗಾಗುತ್ತದೆ ಅಂತ ಇತ್ತು. ಈಗ ಹೇಳುತ್ತೇನೆ. ನನಗೋಸ್ಕರವೇ ಬಾ.

ಅಮ್ಮ


ನವೆಂಬರ್ ೧೩

ಅಮ್ಮನಿಗೂ ಮಾವನಿಗೂ ನಮಸ್ಕಾರ.

ಕಾಗದವನ್ನು ಸಹಿ ಹಾಕದೆ ವಾಪಸು ಕಳಿಸಿದೆ. ಈ ಪತ್ರ ತರುವ ಗಾಡಿಯ ಮುಂದಿನ ಗಾಡಿಯಲ್ಲಿ ನಾನು ಬರುತ್ತೇನೆ. ಡಾಕ್ಟರು ಕಾರಣ ಕೇಳಿದರು. ಎರಡು ಪೈಪು ಸೊಪ್ಪಿದೆ ಅಂದೆ. ಅವರಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮೂರರಲ್ಲಿ ಎರಡು ಪಾಲು ಮಳೆ ನೀರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಂದು ಅಳೆದು ನೋಡುತ್ತೇನೆ. ನೀವಿಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತೀರಿ ಅಂತ ಗೊತ್ತು. ಬೀಳಿ.

ಚೂಟಿ